ಕೂಪಿನ ಲಾರಿ ನಿಂತ ಮೇಲೆ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೊರಟವರಿಗೆ ಮೇಗರವಳ್ಳಿ ದಾಟುವ ಹೊತ್ತಿಗೆ ಕಾಡಿನ ಬಣ್ಣ ಬದಲಾದದ್ದು ಕಾಣುತ್ತದೆ. ಬೇಸಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಮತ್ತಿ, ನಂದಿ ಮರಗಳು ಹಿಂದಾಗಿ, ವರ್ಷವಿಡೀ ಕಪ್ಪುಹಸಿರಾಗಿರುವ ಬಲಿಗೆ, ಧೂಪ, ಹೈಗ, ಸುರಹೊನ್ನೆಗಳ ಕಾಡು ಮುಂದಾಗುತ್ತದೆ. ಕನ್ನಡದ ಓದುಗರಿಗೆ ಈ ಊರು ಹೊಸದಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರು ಮೇಗರವಳ್ಳಿಯನ್ನು ನೋಡುವ ಮೊದಲೇ ಅಲ್ಲಿಗೆ ಹೋಗಿ ಬಂದಿರುತ್ತಾರೆ. ಆ ಕಾದಂಬರಿಯ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ. ಆಗಿನ ಮನೆಯ ಮುಂಡಿಗೆ, ತೊಲೆ, ಹೆಬ್ಬಾಗಿಲು ಎಲ್ಲವೂ ಮನೆಯ ಹಿಂದಿನ ಗುಡ್ಡದಿಂದ ಇಳಿದವು. ಮರ ಯಾವುದು, ಯಾವ ಹಾಡ್ಯದ್ದು, ಯಾರು ಕಡಿದರು, ಯಾವ ಆಚಾರ್ರು ಕೆತ್ತಿದರು ಎಂಬುದು ಮನೆಯವರಿಗೆ ಗೊತ್ತಿರುತ್ತಿತ್ತು.

ಈಗ ಅದೇ ಸೀಮೆಯಲ್ಲಿ ಮನೆ ಕಟ್ಟಿಸುವವರು ದಾರಂದಕ್ಕೆ ಮರ ಹುಡುಕಿಕೊಂಡು ಪೇಟೆಗೆ ಹೋದರೆ ಕಿವಿಗೆ ಬೀಳುವ ಹೆಸರುಗಳೇ ಬೇರೆ: ಮಲೇಷಿಯಾ ಸಾಲ್, ಬರ್ಮಾ ಟೀಕ್, ಆಫ್ರಿಕಾ ಟೀಕ್. ಸಿಎಫ್‌ಟಿಗೆ ಇಷ್ಟು, ಜಿಎಸ್‌ಟಿ ಬೇರೆ. ದೇಶದಲ್ಲೇ ಅತಿ ಹೆಚ್ಚು ಮಳೆ ಬೀಳುವ ಕಾಡುಗಳಲ್ಲೊಂದರ ಮಗ್ಗುಲಲ್ಲಿ ಕೂತು, ಸಮುದ್ರದಾಚೆಯ ಇನ್ನೊಂದು ಮಳೆಕಾಡಿನ ಮರಕ್ಕೆ ಚೌಕಾಸಿ ಮಾಡುತ್ತೇವೆ. ಇದು ಹೇಗಾಯಿತು ಎಂಬುದಕ್ಕೆ ಒಂದು ಚರಿತ್ರೆಯಿದೆ. ಅದರಲ್ಲಿ ನಮ್ಮ ಹೆಮ್ಮೆಯ ಅಧ್ಯಾಯವೂ ಸೇರಿರುವುದರಿಂದ ಅದನ್ನು ಹೇಳುವುದು ಸ್ವಲ್ಪ ಕಷ್ಟ.

ಮೊದಲು ಮರದ ವಂಶಾವಳಿಯ ಮಾತು. ಅಂಗಡಿಯಲ್ಲಿ ಮಲೇಷಿಯಾ ಸಾಲ್ ಎಂದು ಮಾರಾಟವಾಗುವ ಮರಗಳಲ್ಲಿ ಬಹುಪಾಲು ಡಿಪ್ಟೆರೋಕಾರ್ಪ್ ಎಂಬ ಕುಟುಂಬದವು. ನಮ್ಮ ಧೂಪ ಮತ್ತು ಹೈಗ ಕೂಡ ಅದೇ ಕುಟುಂಬದವು. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ಸುಮಾರು ಐದು ಕೋಟಿ ವರ್ಷ ಹಳೆಯ ಗಟ್ಟಿ ರಾಳವನ್ನು ಪರೀಕ್ಷಿಸಿದ ವಿಜ್ಞಾನಿಗಳು ಅದು ಈ ವಂಶದ ಮರಗಳದೇ ಎಂದು ತೋರಿಸಿದ್ದಾರೆ. ತೇಲುತ್ತ ಬಂದ ಭಾರತದ ಭೂಭಾಗ ಏಷ್ಯಾಕ್ಕೆ ತಾಗಿದಾಗ ಈ ಮರಗಳು ಇಲ್ಲಿಂದ ಪೂರ್ವಕ್ಕೆ ಹರಡಿ, ಬೋರ್ನಿಯೋದ ಕಾಡುಗಳನ್ನು ತುಂಬಿದವು ಎಂಬುದು ಈಗ ಹೆಚ್ಚಿನವರು ಒಪ್ಪುವ ಊಹೆ. ಹಾಗಿದ್ದರೆ ಮಂಗಳೂರಿನ ಬಂದರಿನಲ್ಲಿ ಇಳಿಯುವ ದಿಮ್ಮಿ ಒಂದು ಲೆಕ್ಕದಲ್ಲಿ ತವರಿಗೆ ಮರಳಿದ ನೆಂಟ.

ಉಷ್ಣವಲಯದ ಕಾಡು ನಾಶವಾಗುತ್ತಿದೆ ಎಂಬ ಕೂಗು 1980ರ ದಶಕದಲ್ಲಿ ಯುರೋಪಿನಲ್ಲಿ ಎದ್ದದ್ದು ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಅದರ ಒಂದು ಹಳೆಯ ಬೇರು ಶಿವಮೊಗ್ಗದಲ್ಲಿದೆ. ಹ್ಯೂ ಕ್ಲೆಗ್‌ಹಾರ್ನ್ ಎಂಬ ಸ್ಕಾಟ್ಲೆಂಡ್ ಮೂಲದ ವೈದ್ಯ 1840ರ ದಶಕದಲ್ಲಿ ಮೈಸೂರು ಕಮಿಷನ್ನಿನ ನೌಕರಿಯಲ್ಲಿ ಶಿವಮೊಗ್ಗಕ್ಕೆ ಬಂದ. ರೋಗಿಗಳ ನಡುವಿನ ಬಿಡುವಿನಲ್ಲಿ ಸುತ್ತಲಿನ ಗಿಡಮರಗಳನ್ನು ಗುರುತಿಸುತ್ತ, ಚಿತ್ರ ಬರೆಸುತ್ತ ತಿರುಗಿದ. ಆರೋಗ್ಯ ಕೆಟ್ಟು ಊರಿಗೆ ಹೋಗಿದ್ದಾಗ, 1850ರಲ್ಲಿ ಎಡಿನ್‌ಬರೋದಲ್ಲಿ ಸೇರಿದ ಬ್ರಿಟಿಷ್ ವಿಜ್ಞಾನಿಗಳ ಸಭೆ ಉಷ್ಣವಲಯದ ಕಾಡುನಾಶದ ಪರಿಣಾಮಗಳನ್ನು ಕುರಿತು ವರದಿ ಕೇಳಿತು. ಮರುವರ್ಷ ಆ ವರದಿಯನ್ನು ಒಪ್ಪಿಸಿದವನು ಕ್ಲೆಗ್‌ಹಾರ್ನ್. 1856ರಲ್ಲಿ ಮದರಾಸು ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಕನೂ ಅವನೇ ಆದ.

ಅವನ ಕಳಕಳಿ ನಿಜವಾದದ್ದೇ. ಆದರೆ ಬೆರಳು ತೋರಿಸಿದ್ದು ಯಾರ ಕಡೆಗೆ ಎಂಬುದನ್ನು ಗಮನಿಸಬೇಕು. ಕೆನರಾದ ಸಾಗುವಾನಿ ಮುಂಬಯಿಯ ಹಡಗುಕಟ್ಟೆಗೆ ಹೋಗುತ್ತಿತ್ತು. ಮುಂದೆ ರೈಲ್ವೆ ಬಂದಾಗ ಹಳಿಯಡಿಯ ಹಾಸುಮರಕ್ಕೆ ಲೆಕ್ಕವೇ ಇರಲಿಲ್ಲ. ಅಧಿಕಾರಿಗಳ ಬರಹಗಳಲ್ಲಿ ಮಾತ್ರ ಕಾಡಿನ ದೊಡ್ಡ ಶತ್ರುವಾಗಿ ಕಾಣಿಸಿಕೊಂಡವನು ಕುಮರಿ ಕಡಿದು ರಾಗಿ ಬಿತ್ತುವ ಗುಡ್ಡದ ರೈತ. ಕುಮರಿ ಬೇಸಾಯಕ್ಕೆ ತಡೆ ಬಿತ್ತು, ನಾಟಾ ಸಾಗಣೆಗೆ ನಿಯಮ ಬಂತು. ತಡೆ ಬೇರೆ, ನಿಯಮ ಬೇರೆ. ಕಾಡು ಕಾಯುವ ಹೆಸರಿನಲ್ಲಿ ಯಾರ ಕೊಡಲಿ ಕಸಿದುಕೊಳ್ಳುವುದು, ಯಾರ ಕೊಡಲಿಗೆ ಪರವಾನಗಿ ಕೊಡುವುದು ಎಂಬ ಈ ಪ್ರಶ್ನೆ ಮುಂದಿನ ನೂರೈವತ್ತು ವರ್ಷ ಜಾಗ ಬದಲಿಸುತ್ತ ಹೋಯಿತೇ ಹೊರತು ಬಗೆಹರಿಯಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಹಡಗುಕಟ್ಟೆಯ ಜಾಗಕ್ಕೆ ಕಾರ್ಖಾನೆ ಬಂತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಿಂದಲೇ ಮಲೆನಾಡಿನ ಕಾಡನ್ನು ಇದ್ದಿಲು ಮಾಡಿ ಉರಿಸುತ್ತಿತ್ತು. ದಾಂಡೇಲಿಯಲ್ಲಿ ಪ್ಲೈವುಡ್ಡು, ಆಮೇಲೆ ಕಾಗದ. ಕಾಗದದ ಕಾರ್ಖಾನೆಗೆ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಗುತ್ತಿತ್ತು, ಅದೇ ಬಿದಿರಿಗೆ ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಅದರ ನೂರಾರು ಪಟ್ಟು ಹೆಚ್ಚು ಕೊಡಬೇಕಿತ್ತು ಎಂದು ಮಾಧವ ಗಾಡ್ಗೀಳರು ಎಷ್ಟೋ ಕಡೆ ಬರೆದಿದ್ದಾರೆ. ಮೆದು ಮರವಾದ ಧೂಪಕ್ಕೆ ಹಿಂದೆ ಮನೆಕಟ್ಟುವವರ ಲೆಕ್ಕದಲ್ಲಿ ಅಷ್ಟೇನೂ ಬೆಲೆಯಿರಲಿಲ್ಲ. ಪ್ಲೈವುಡ್ಡಿನ ಯಂತ್ರ ಬಂದದ್ದೇ ಅದಕ್ಕೆ ಬೆಲೆ ಬಂತು, ಬೆಲೆ ಬಂದದ್ದೇ ಅದರ ಕೇಡಾಯಿತು. ಘಟ್ಟದ ಕಾಡಿನಲ್ಲಿ ‘ಆಯ್ದ ಮರ’ ಕಡಿಯುವ ಕೂಪುಗಳು ತೆರೆದವು. ಆಯ್ದದ್ದು ಒಂದೇ ಮರವಾದರೂ ಅದು ಉರುಳುವಾಗ ಬಳ್ಳಿಗಳಿಂದ ಹೆಣೆದುಕೊಂಡ ಹತ್ತು ಮರಗಳನ್ನು ಎಳೆದುಕೊಂಡೇ ಬೀಳುತ್ತದೆ. ಉಳಿದದ್ದನ್ನು ಲಾರಿಯ ದಾರಿ ಮುಗಿಸುತ್ತದೆ. ಮಲೆನಾಡಿನ ಒಂದು ತಲೆಮಾರಿನ ಮಕ್ಕಳು ಮಳೆಗಾಲ ಮುಗಿದದ್ದನ್ನು ಗುರುತಿಸುತ್ತಿದ್ದದ್ದೇ ಕೂಪಿನ ಲಾರಿಗಳ ಸದ್ದಿನಿಂದ.

ಆ ಲಾರಿಗಳಿಗೆ ಅಡ್ಡ ನಿಂತ ದಿನ ನಮ್ಮ ಚರಿತ್ರೆಯಲ್ಲಿದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ, ಗಂಡಸರು ಹೆಂಗಸರು ಹುಡುಗರೆನ್ನದೆ, ಕಳಸೆಯ ಕಾಡಿಗೆ ನಡೆದು ಹೋಗಿ ಮರಗಳನ್ನು ತಬ್ಬಿಕೊಂಡರು. ಗಢವಾಲದ ಚಿಪ್ಕೋ ಕತೆ ಹೇಳಲು ಸುಂದರಲಾಲ್ ಬಹುಗುಣರು ಆ ಮೊದಲೇ ಆ ಕಡೆ ಬಂದುಹೋಗಿದ್ದರು. ಪಾಂಡುರಂಗ ಹೆಗಡೆಯವರು ಊರೂರು ತಿರುಗುತ್ತಿದ್ದರು. ಮೂವತ್ತೆಂಟು ದಿನ ನಡೆದ ಆ ಕಾವಲಿನ ಮೊದಲ ಸುತ್ತಿನಲ್ಲಿ ಕಡಿತ ನಿಂತಿತು. ಅಪ್ಪಿಕೋ ಎಂಬ ಹೆಸರು ಘಟ್ಟದುದ್ದಕ್ಕೂ ಹರಡಿತು. ಯಕ್ಷಗಾನ, ಬೀದಿನಾಟಕ, ಪಾದಯಾತ್ರೆ ಎಲ್ಲವೂ ಸೇರಿಕೊಂಡವು. ಅದರ ಘೋಷಣೆ ಮೂರು ಮಾತಿನದು: ಉಳಿಸು, ಬೆಳೆಸು, ಬಳಸು. ಮೂರನೆಯ ಮಾತಿಗೆ ಇದ್ದ ಅರ್ಥ ಅಳತೆಯರಿತು ಬಳಸು ಎಂದು. ಈ ಮೂರನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಸಾಲ್ಕಣಿಯಾಗಿ ಎರಡು ತಿಂಗಳು ಹತ್ತು ದಿನಕ್ಕೆ, ಅಂದರೆ 1983ರ ನವೆಂಬರ್ 18ರಂದು, ಜಿನೀವಾದಲ್ಲಿ ಅಂತಾರಾಷ್ಟ್ರೀಯ ಉಷ್ಣವಲಯ ನಾಟಾ ಒಪ್ಪಂದ ಸಿದ್ಧವಾಯಿತು. ಮರ ಮಾರುವ ದೇಶಗಳೂ ಕೊಳ್ಳುವ ದೇಶಗಳೂ ಒಂದೇ ಸಂಸ್ಥೆಯೊಳಗೆ ಕೂತು ವ್ಯಾಪಾರವನ್ನು ಬೆಳೆಸುವುದು, ಜೊತೆಗೆ ಕಾಡನ್ನೂ ಉಳಿಸುವುದು ಅದರ ಉದ್ದೇಶ. ಸಂಸ್ಥೆಯ ಕಚೇರಿ 1986ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತೆರೆಯಿತು. ಜಪಾನ್ ಆಗ ಉಷ್ಣವಲಯದ ದಿಮ್ಮಿಗಳ ಅತಿ ದೊಡ್ಡ ಗಿರಾಕಿ. ಕೊಳ್ಳುವ ದೇಶಗಳ ಮತಕ್ಕೆ ತೂಕ ಬರುತ್ತಿದ್ದದ್ದು ಬಹುಮಟ್ಟಿಗೆ ಅವು ಕೊಳ್ಳುವ ಮರದ ಪ್ರಮಾಣದಿಂದ. ಹೆಚ್ಚು ಕಡಿಸಿದವನಿಗೆ ಕಾಡು ಉಳಿಸುವ ಸಭೆಯಲ್ಲಿ ಹೆಚ್ಚು ಮತ! ಇಂಥದನ್ನು ಕಲ್ಪಿಸಲು ಕಾದಂಬರಿಕಾರನೂ ಹಿಂಜರಿಯುತ್ತಾನೆ. ಆ ಸಂಸ್ಥೆಯ ಪಟ್ಟಿಯಲ್ಲಿ ಭಾರತ ಉತ್ಪಾದಕ ದೇಶ. ಇಂದಿಗೂ ಹಾಗೆಯೇ.

ಆ ಜಪಾನಿನ ಮರ ಬರುತ್ತಿದ್ದ ಕಾಡುಗಳಲ್ಲೊಂದು ಸರವಾಕ್. ಬೋರ್ನಿಯೋ ದ್ವೀಪದ ವಾಯವ್ಯ ಅಂಚಿನಲ್ಲಿರುವ ಮಲೇಷಿಯಾದ ಈ ರಾಜ್ಯದಲ್ಲಿ ಪೆನಾನ್ ಎಂಬ ಜನ ಕಾಡಿನ ಸಾಗೋ ತಾಳೆಯ ಹಿಟ್ಟು, ಬೇಟೆ, ಬೆತ್ತಗಳನ್ನು ನಂಬಿ ಬದುಕುತ್ತಿದ್ದರು. 1987ರ ಮಾರ್ಚಿನಿಂದ ಅವರು ಬಾರಾಂ ಮತ್ತು ಲಿಂಬಾಂಗ್ ನದಿಗಳ ಸೀಮೆಯಲ್ಲಿ ನಾಟಾ ಕಂಪನಿಗಳ ರಸ್ತೆಗೆ ಅಡ್ಡವಾಗಿ ಗಳು, ಬೆತ್ತ, ಎಲೆಗಳ ಬೇಲಿ ಕಟ್ಟಿ ಕೂತರು. ತಿಂಗಳುಗಟ್ಟಲೆ ಯಂತ್ರಗಳು ನಿಂತವು. ಅದೇ ವರ್ಷದ ಕೊನೆಗೆ ಬಂಧನಗಳಾದವು. ನಾಟಾ ರಸ್ತೆಗೆ ತಡೆ ಹಾಕುವುದನ್ನೇ ಅಪರಾಧವೆಂದು ಕಾನೂನು ತಿದ್ದಿದರು. ಸರ್ಕಾರದ ವಾದ ನಮಗೆ ಚಿರಪರಿಚಿತ: ಕಾಡು ಹಾಳಾಗುತ್ತಿರುವುದು ಗುಡ್ಡದಲ್ಲಿ ಕಡಿದು ಸುಟ್ಟು ಬಿತ್ತುವವರಿಂದ. ಶಿವಮೊಗ್ಗದ ಕುಮರಿಯವನ ಮೇಲಿದ್ದ ಆರೋಪಪಟ್ಟಿ ಹಾಗೆಯೇ ಸಮುದ್ರ ದಾಟಿತ್ತು.

ಅದೇ 1987 ನಮ್ಮಲ್ಲೂ ಬಿಸಿಯಾದ ವರ್ಷ. ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೊಡನೆ ಸೇರಿ ಸರ್ಕಾರ ಹುಟ್ಟುಹಾಕಿದ್ದ ಪಲ್ಪ್‌ವುಡ್ ಕಂಪನಿಗೆ 75 ಸಾವಿರ ಎಕರೆ ಸಾರ್ವಜನಿಕ ಭೂಮಿ ಕೊಡುವ ಯೋಜನೆಯಿತ್ತು. ಜನ ನೀಲಗಿರಿ ಸಸಿ ಕಿತ್ತು, ಆ ಕುಳಿಗೆ ತಮಗೆ ಬೇಕಾದ ಮರದ ಸಸಿ ನೆಟ್ಟರು. ಎಸ್.ಆರ್. ಹಿರೇಮಠರು ಮುಂದಿದ್ದ ಆ ಹೋರಾಟ ಸುಪ್ರೀಂ ಕೋರ್ಟಿಗೆ ಹೋದಾಗ ಅರ್ಜಿದಾರರ ಮೊದಲ ಹೆಸರು ಶಿವರಾಮ ಕಾರಂತರದು. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಕುಸನೂರಿನ ಅದೇ ತಿಂಗಳು ‘ಪಶ್ಚಿಮಘಟ್ಟ ಉಳಿಸಿ’ ಪಾದಯಾತ್ರೆಯೂ ಹೊರಟಿತ್ತು. ಕನ್ನಡದ ಲೇಖಕರೂ ರೈತರೂ ವಿದ್ಯಾರ್ಥಿಗಳೂ ಒಂದೇ ಹಾದಿಯಲ್ಲಿ ನಡೆದ ಇಂಥ ಕಾಲ ಆಮೇಲೆ ಹೆಚ್ಚು ಬರಲಿಲ್ಲ.

ನಮ್ಮ ಹೋರಾಟಕ್ಕೂ ಯುರೋಪಿನಲ್ಲಿ ಎದ್ದ ಹೋರಾಟಕ್ಕೂ ಒಂದು ಮೂಲಭೂತ ವ್ಯತ್ಯಾಸವಿತ್ತು. ನಾವು ಕಡಿಯುವವನ ಕೈ ಹಿಡಿದೆವು. ಅವರು ಕೊಳ್ಳುವವನ ಕೈ ಹಿಡಿಯಲು ಹೊರಟರು, ಏಕೆಂದರೆ ಕಡಿಯುವ ಜಾಗ ಅವರಿಂದ ಹತ್ತು ಸಾವಿರ ಕಿಲೋಮೀಟರ್ ದೂರವಿತ್ತು. ಬ್ರಿಟನ್ನಿನಲ್ಲಿ ‘ಫ್ರೆಂಡ್ಸ್ ಆಫ್ ದಿ ಅರ್ತ್’ ಸಂಘಟನೆ ಉಷ್ಣವಲಯದ ಗಟ್ಟಿಮರದ ಸಾಮಾನು ಕೊಳ್ಳಬೇಡಿ ಎಂದು ಪ್ರಚಾರ ನಡೆಸಿತು. 1988ರ ಜುಲೈಯಲ್ಲಿ ಯುರೋಪಿನ ಸಂಸತ್ತು ಸರವಾಕಿನ ಮರಕ್ಕೆ ಆಮದು ತಡೆ ಬೇಕೆಂದು ನಿರ್ಣಯ ಮಾಡಿತು. ಯುರೋಪಿನ ಕಾರ್ಯಾಂಗ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಜಪಾನಿನಲ್ಲೂ ಒಂದು ಗುಂಪು ಹುಟ್ಟಿ, ತಮ್ಮ ದೇಶದಲ್ಲಿ ಕಾಂಕ್ರೀಟ್ ಎರಕಕ್ಕೆ ಬಳಸುವ ಸೆಂಟ್ರಿಂಗ್ ಪ್ಲೈವುಡ್ಡಿನತ್ತ ಬೊಟ್ಟುಮಾಡಿತು: ನೂರಾರು ವರ್ಷ ಬೆಳೆದ ಮರ, ಎರಡು ಮೂರು ಸಲ ಬಳಸಿ ಬಿಸಾಡುವ ಹಲಗೆ. ಪೆನಾನರ ಜೊತೆ ವರ್ಷಗಟ್ಟಲೆ ಬದುಕಿ ಬಂದ ಬ್ರೂನೋ ಮಾನ್ಸರ್ ಎಂಬ ಸ್ವಿಸ್ ಗೃಹಸ್ಥ 1993ರಲ್ಲಿ ಬರ್ನ್ ನಗರದಲ್ಲಿ ತನ್ನ ದೇಶದ ಸಂಸತ್ತಿನ ಎದುರು ಅರವತ್ತು ದಿನ ಉಪವಾಸ ಕೂತ. ಮರದ ಮೇಲೆ ಅದು ಯಾವುದು, ಎಲ್ಲಿಯದು ಎಂದು ಬರೆಯುವುದು ಕಡ್ಡಾಯವಾಗಲಿ ಎಂಬುದು ಅವನ ಬೇಡಿಕೆಗಳಲ್ಲೊಂದು. 2000ನೇ ಇಸವಿಯಲ್ಲಿ ಸರವಾಕಿನ ಕಾಡಿಗೆ ಮತ್ತೆ ಹೋದವನು ಮರಳಿ ಬರಲಿಲ್ಲ.

ಈ ಕತೆಯಲ್ಲಿ ನನಗೆ ಅತ್ಯಂತ ಬೋಧಪ್ರದವಾಗಿ ಕಾಣುವುದು ಆಸ್ಟ್ರಿಯಾದ ಪ್ರಸಂಗ. 1992ರಲ್ಲಿ ಆ ಪುಟ್ಟ ದೇಶ ಒಂದು ಕಾನೂನು ಮಾಡಿತು. ಉಷ್ಣವಲಯದ ಮರ ಮತ್ತು ಅದರಿಂದಾದ ಸಾಮಾನಿನ ಮೇಲೆ ‘ಇದು ಉಷ್ಣವಲಯದ ಮರದ್ದು’ ಎಂಬ ಚೀಟಿ ಕಡ್ಡಾಯ. ಕಾಡು ಕೆಡಿಸದೆ ತೆಗೆದ ಮರವಾದರೆ ಅದಕ್ಕೊಂದು ಪ್ರತ್ಯೇಕ ಮುದ್ರೆ. ಜೊತೆಗೆ ಆಮದು ಸುಂಕದ ಹೆಚ್ಚಳ. ಇದು ನಿಷೇಧವಲ್ಲ, ಬರೀ ಚೀಟಿ. ಅಷ್ಟಕ್ಕೇ ಮಲೇಷಿಯಾ, ಇಂಡೊನೇಷಿಯಾಗಳು ಸಿಡಿದವು. ಆಸ್ಟ್ರಿಯಾದ ಸರಕು ಕೊಳ್ಳುವುದಿಲ್ಲ ಎಂಬ ಬೆದರಿಕೆ ಬಂತು, ವಿಷಯ ಗ್ಯಾಟ್ ಒಪ್ಪಂದದ ಸಭೆಗೆ ಹೋಯಿತು. ಅವರ ಪ್ರಶ್ನೆ ಸುಲಭವಾಗಿ ತಳ್ಳಿಹಾಕುವಂಥದಲ್ಲ: ಚೀಟಿ ನಮ್ಮ ಮರಕ್ಕೆ ಮಾತ್ರ ಯಾಕೆ? ನಿಮ್ಮ ಪೈನ್, ಸ್ಪ್ರೂಸ್ ಮರಗಳಿಗೆ ಯಾಕಿಲ್ಲ? ಮಲೇಷಿಯಾದ ಪ್ರಧಾನಿ ಮಹಾತಿರ್ ಮೊಹಮದ್ ಆ ಕಾಲದ ಎಲ್ಲ ವೇದಿಕೆಗಳಲ್ಲಿ ಹೇಳುತ್ತಿದ್ದದ್ದೂ ಇದನ್ನೇ. ತಮ್ಮ ಕಾಡನ್ನು ಕಡಿದು ಶ್ರೀಮಂತರಾದವರು ಈಗ ಬಡವರಿಗೆ ಕಾಡಿನ ಪಾಠ ಹೇಳಲು ಬಂದಿದ್ದಾರೆ. 1993ರ ಮೊದಲ ತಿಂಗಳುಗಳಲ್ಲೇ ಆಸ್ಟ್ರಿಯಾ ಕಡ್ಡಾಯದ ಚೀಟಿಯನ್ನು ಕೈಬಿಟ್ಟಿತು.

ಮಹಾತಿರರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧವನ್ನು ಬೇಲಿ ಕಟ್ಟಿ ಕೂತ ಪೆನಾನರು ಹೇಳುತ್ತಿದ್ದರು. ಬಡ ದೇಶದ ಹೆಸರಿನಲ್ಲಿ ಮಾತಾಡುವವರು ಬಡವರ ಪರವಾಗಿಯೇ ಮಾತಾಡುತ್ತಾರೆಂದು ನಂಬಲು, ಮಲೆನಾಡಿನಲ್ಲಿ ಕಾರ್ಖಾನೆಗಳ ಬಿದಿರಿನ ಲೆಕ್ಕ ಕಂಡ ನಮಗೆ ಕಷ್ಟ. ಆಮದು ತಡೆಯ ವಿರುದ್ಧ ಇನ್ನೊಂದು ಗಟ್ಟಿ ವಾದವೂ ಇತ್ತು: ಮರಕ್ಕೆ ಬೆಲೆಯಿಲ್ಲದಂತೆ ಮಾಡಿದರೆ ಕಾಡನ್ನು ಉಳಿಸುವ ಆಸೆಯೇ ಹೋಗುತ್ತದೆ, ಕಾಡು ಕಡಿದು ತೋಟ ಮಾಡುತ್ತಾರೆ. ಸರವಾಕಿನಲ್ಲಿ ಆಮೇಲೆ ಎಣ್ಣೆತಾಳೆಯ ತೋಟಗಳು ಹರಡಿದ್ದನ್ನು ನೋಡಿದರೆ ಈ ಮಾತು ಸುಳ್ಳೆನಿಸುವುದಿಲ್ಲ. ಆದರೆ ಅಲ್ಲಿ ಮರಕ್ಕೆ ಬೆಲೆ ಇಳಿದಿರಲಿಲ್ಲ. ಗಿರಾಕಿ ಬದಲಾಗಿದ್ದ, ಅಷ್ಟೆ.

ಆ ಹೊಸ ಗಿರಾಕಿಗಳಲ್ಲಿ ಮುಂದಿನ ಸಾಲಿನಲ್ಲಿದ್ದವರು ನಾವು.

1988ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊಸ ರಾಷ್ಟ್ರೀಯ ಅರಣ್ಯ ನೀತಿ ಪ್ರಕಟಿಸಿತು. ಅಪ್ಪಿಕೋ, ಚಿಪ್ಕೋಗಳ ಬೆವರು ಅದರಲ್ಲಿದೆ. ಕಾಡು ಮೊದಲು ನೆಲ, ನೀರು, ಹವೆಯ ರಕ್ಷಣೆಗೆ, ಆದಾಯ ಆಮೇಲಿನ ಮಾತು ಎಂದು ಸರ್ಕಾರವೊಂದು ಬರೆದದ್ದು ಸಣ್ಣ ಸಂಗತಿಯಲ್ಲ. ಕಾರ್ಖಾನೆಗಳಿಗೆ ಅಗ್ಗದ ದರದಲ್ಲಿ ಕಾಡಿನ ಉತ್ಪನ್ನ ಕೊಡುವ ಪದ್ಧತಿ ನಿಲ್ಲಬೇಕೆಂದೂ ಅದರಲ್ಲಿದೆ. ಆದರೆ ಅದೇ ಭಾಗದಲ್ಲಿ, ಕಾರ್ಖಾನೆಗಳು ಬೇರೆ ಕಚ್ಚಾವಸ್ತು ಹುಡುಕಿಕೊಳ್ಳಲಿ ಎಂಬುದರ ಬೆನ್ನಿಗೇ, ಮರ ಮತ್ತು ಮರದ ಉತ್ಪನ್ನಗಳ ಆಮದನ್ನು ಸಡಿಲಿಸಬೇಕು ಎಂಬ ಒಂದು ಚಿಕ್ಕ ವಾಕ್ಯವಿದೆ. ನಮ್ಮ ಕಾಡಿನ ಬಾಗಿಲು ಹಾಕಿದ ಕೈಯೇ ಬಂದರಿನ ಬಾಗಿಲು ತೆಗೆಯಿತು. ಆಗ ಅದರ ಬಗ್ಗೆ ಯಾರೂ ಹುಬ್ಬೇರಿಸಲಿಲ್ಲ. ನಮ್ಮ ಘಟ್ಟ ಉಳಿದರೆ ಸಾಕೆಂಬ ಆತಂಕದ ಕಾಲ ಅದು.

1990ರ ಸುಮಾರಿಗೆ ಕರ್ನಾಟಕ ಪಶ್ಚಿಮಘಟ್ಟದ ಸಹಜ ಕಾಡುಗಳಲ್ಲಿ ಹಸಿಮರ ಕಡಿಯುವುದನ್ನು ನಿಲ್ಲಿಸಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಅನ್ವಯಿಸುವ ಆದೇಶ ಕೊಟ್ಟಿತು: ಅನುಮೋದಿತ ಕಾರ್ಯಯೋಜನೆ ಇಲ್ಲದೆ ಯಾವ ಕಾಡಿನಲ್ಲೂ ಮರ ಕಡಿಯುವಂತಿಲ್ಲ. ಈಶಾನ್ಯ ರಾಜ್ಯಗಳಿಂದ ಮರ ಹೊರಗೆ ಸಾಗುವುದೂ ನಿಂತಿತು. ಮೊಕದ್ದಮೆ ಹೂಡಿದ್ದವರು ನೀಲಂಬೂರಿನ ಹಳೆಯ ಜಮೀನ್ದಾರಿ ಮನೆತನದವರು, ತಮ್ಮ ಪೂರ್ವಜರ ಕಾಡು ಕಣ್ಣೆದುರು ಬರಿದಾಗುವುದನ್ನು ಕಂಡು ಕೋರ್ಟಿಗೆ ಹೋದವರು. ಆ ಹೊತ್ತಿಗೆ ಉದಾರೀಕರಣ ಬಂದು ಐದು ವರ್ಷ. ಬೆಂಗಳೂರು ಬೆಳೆಯುತ್ತಿತ್ತು, ಊರೂರಲ್ಲಿ ಆರ್‌ಸಿಸಿ ಮನೆ ಏಳುತ್ತಿತ್ತು. ಮರ ಬೇಕಿತ್ತು. ಗುಜರಾತಿನ ಕಾಂಡ್ಲಾ, ತಮಿಳುನಾಡಿನ ತೂತ್ತುಕುಡಿ, ನಮ್ಮ ನವಮಂಗಳೂರು ಬಂದರುಗಳಲ್ಲಿ ದಿಮ್ಮಿಗಳು ಇಳಿಯತೊಡಗಿದವು. ಈ ಶತಮಾನದ ಮೊದಲ ದಶಕ ಮುಗಿಯುವಾಗ ಸರವಾಕಿನ ದಿಮ್ಮಿಗಳ ಅತಿ ದೊಡ್ಡ ಗಿರಾಕಿ ಜಪಾನ್ ಅಲ್ಲ, ಭಾರತ. 2014ರ ಏಪ್ರಿಲ್ 1ರಂದು ಮ್ಯಾನ್ಮಾರ್ ಇಡಿ ದಿಮ್ಮಿಯ ರಫ್ತನ್ನು ನಿಲ್ಲಿಸುವ ತನಕ ಅಲ್ಲಿನ ತೇಗದ ದಿಮ್ಮಿಗಳ ದೊಡ್ಡ ಖರೀದಿದಾರರೂ ನಾವೇ.

ಇದು ನಮ್ಮೊಬ್ಬರ ಕತೆಯಲ್ಲ. 1988ರ ನವೆಂಬರಿನಲ್ಲಿ ದಕ್ಷಿಣ ಥಾಯ್ಲೆಂಡಿನಲ್ಲಿ ನೆರೆ ಬಂತು. ಬೋಳಾದ ಗುಡ್ಡಗಳಿಂದ ಮಣ್ಣೂ ದಿಮ್ಮಿಗಳೂ ಊರಿನ ಮೇಲೆ ಜಾರಿ ನೂರಾರು ಜನ ಸತ್ತರು. ಎರಡೇ ತಿಂಗಳಲ್ಲಿ ಆ ದೇಶ ಕಾಡು ಕಡಿಯುವುದನ್ನು ನಿಷೇಧಿಸಿತು. ಥಾಯ್ ಕಂಪನಿಗಳು ಗಡಿ ದಾಟಿ ಬರ್ಮಾದ ಕಾಡಿಗೆ ನುಗ್ಗಿದವು. ನಿಷೇಧಿಸಿದ್ದು ತಪ್ಪೆನ್ನಲು ಯಾರಿಗೂ ಬಾಯಿ ಬರದು. ಆದರೂ ಒಂದು ಕಡೆಯ ಕಾಡಿಗೆ ಸಿಕ್ಕ ಅಭಯ ಇನ್ನೊಂದು ಕಡೆಯ ಕಾಡಿಗೆ ಕೇಡಾಯಿತು ಎಂಬುದೂ ಅಷ್ಟೇ ನಿಜ.

ಹಾಗಾದರೆ ಬಳಕೆ ತಗ್ಗಿಸುವ ಪ್ರಯತ್ನವೇ ಆಗಲಿಲ್ಲವೇ? ಆಯಿತು, ಅಲ್ಲಲ್ಲಿ. ರೈಲ್ವೆ ಮರದ ಹಾಸುಗಳನ್ನು ಬಿಟ್ಟು ಕಾಂಕ್ರೀಟಿಗೆ ಹೊರಳಿದ್ದು ಘಟ್ಟದ ಕಾಡಿಗೆ ಸಿಕ್ಕ ದೊಡ್ಡ ವರ. ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರ ಬಳಸುವುದನ್ನೇ ನಿಲ್ಲಿಸಿತು. ಸರ್ಕಾರಿ ಕಟ್ಟಡದ ಬಾಗಿಲುಗಳು ಕಬ್ಬಿಣ, ಅಲ್ಯೂಮಿನಿಯಂ ಆದವು. 2020ರಲ್ಲಿ ಆ ನಿಷೇಧ ತೆರವಾಯಿತು. ಕಾರಣವೂ ವಿಚಿತ್ರವಾಗಿ ಸರಿಯಾದದ್ದು: ಉಕ್ಕು, ಸಿಮೆಂಟುಗಳಿಗಿಂತ ಬೆಳೆಸಿದ ಮರವೇ ವಾತಾವರಣಕ್ಕೆ ಹಗುರ, ರೈತರು ಮರ ಬೆಳೆಸಲು ಅದಕ್ಕೊಂದು ಮಾರುಕಟ್ಟೆ ಬೇಕು.

ರೈತನ ಮಾತು ಬಂದರೆ ಮಲೆನಾಡಿನಲ್ಲಿ ಸಿಟ್ಟು ಬರದೆ ಇರದು. ತನ್ನ ಹಿತ್ತಲಲ್ಲಿ ತಾನೇ ಕಾಪಾಡಿದ ಶ್ರೀಗಂಧಕ್ಕೆ 2001ರ ತಿದ್ದುಪಡಿಯ ತನಕ ರೈತ ಮಾಲೀಕನೇ ಆಗಿರಲಿಲ್ಲ. ತೋಟದಂಚಿನ ಹೊನ್ನೆಯೊಂದನ್ನು ಮಗಳ ಮದುವೆಯ ಹೊತ್ತಿಗೆ ಕಡಿಸಬೇಕೆಂದರೆ ಅರ್ಜಿ, ಸ್ಥಳ ಪರಿಶೀಲನೆ, ಗಡಿ ಗುರುತು, ಸುತ್ತಿಗೆ ಮುದ್ರೆ, ಸಾಗಿಸಲು ಪಾಸು. ಅಷ್ಟರಲ್ಲಿ ಮದುವೆ ಮುಗಿದು ಮೊಮ್ಮಗುವಿನ ನಾಮಕರಣವೂ ಆಗಿರುತ್ತದೆ. ಪೇಟೆಗೆ ಹೋಗಿ ದುಡ್ಡು ಎಣಿಸಿದರೆ ಸಂಜೆಯೊಳಗೆ ಮಲೇಷಿಯಾದ ಮರ ಮನೆಬಾಗಿಲಿಗೆ ಬರುತ್ತದೆ. ಈ ನಿಯಮಗಳು ಬೇಡವೆಂದು ನಾನು ಹೇಳುವುದಿಲ್ಲ. ಅವಿಲ್ಲದಿದ್ದರೆ ಘಟ್ಟದಲ್ಲಿ ಬೀಟೆಯ ಬೀಜವೂ ಉಳಿಯುತ್ತಿರಲಿಲ್ಲ. ನಮ್ಮ ಬೀಟೆಯ ವಂಶವನ್ನೇ 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರದ ನಿರ್ಬಂಧಿತ ಪಟ್ಟಿಗೆ ಸೇರಿಸಲಾಗಿದೆ. ಆದರೆ ಊರಿನ ಮರಕ್ಕೆ ಇಷ್ಟೆಲ್ಲ ಜಾತಕ ಕೇಳುವ ನಾವು ಹೊರಗಿನ ಮರಕ್ಕೆ ಏನು ಕೇಳುತ್ತೇವೆ?

ಕೇಳುವುದು ಮುಖ್ಯವಾಗಿ ಹುಳುವಿನ ಬಗ್ಗೆ. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದಾಗುವ ಮರಕ್ಕೆ ಕೀಟ, ರೋಗ ಇಲ್ಲವೆಂಬ ಪ್ರಮಾಣಪತ್ರ ಬೇಕು, ಹೊಗೆ ಹಾಕಿಸಿರಬೇಕು. ಅದು ನ್ಯಾಯವೇ. ದಿಮ್ಮಿಯೊಳಗಿನ ಹುಳು ನಮ್ಮ ಕಾಡಿಗೆ ಇಳಿದರೆ ಕಷ್ಟ. ಆ ದಿಮ್ಮಿ ಯಾರ ಕಾಡಿನದು, ಅಲ್ಲಿಯ ಜನ ಒಪ್ಪಿದ್ದರೇ, ಅಲ್ಲಿಯ ಕಾನೂನು ಒಪ್ಪಿತ್ತೇ ಎಂದು ಕೇಳಿ, ಕದ್ದ ಮರವಾದರೆ ಬಂದರಿನಲ್ಲೇ ತಡೆಯುವ ಕಾನೂನು ನಮ್ಮಲ್ಲಿಲ್ಲ. ಬೇರೆ ಕಡೆ ಬಂದಿದೆ. ಅಮೆರಿಕ 2008ರಲ್ಲಿ ತನ್ನ ಹಳೆಯ ಲೇಸಿ ಕಾಯಿದೆಯನ್ನು ತಿದ್ದಿ, ಮೂಲ ದೇಶದ ಕಾನೂನು ಮುರಿದು ಕಡಿದ ಮರ ತರುವುದನ್ನು ಅಪರಾಧ ಮಾಡಿತು. ಯುರೋಪಿನ ನಾಟಾ ನಿಯಮ 2013ರ ಮಾರ್ಚಿನಿಂದ ಜಾರಿಗೆ ಬಂತು. ಆಸ್ಟ್ರಿಯಾದ ಸೋಲಿನಿಂದ ಅವರು ಕಲಿತದ್ದು ಕಾಣುತ್ತದೆ: ಈ ಸಲ ನಿಯಮ ಉಷ್ಣವಲಯದ ಮರಕ್ಕೆ ಮಾತ್ರವಲ್ಲ, ತಮ್ಮದೇ ನೆಲದ ಮರಕ್ಕೂ ಅನ್ವಯ. ಇಂಡೊನೇಷಿಯಾ ತಾನೇ ಪ್ರತಿ ದಿಮ್ಮಿಯ ಜಾಡು ಹಿಡಿಯುವ ವ್ಯವಸ್ಥೆ ಕಟ್ಟಿ 2016ರಿಂದ ಯುರೋಪಿಗೆ ಪರವಾನಗಿ ಸಹಿತ ಮರ ಕಳಿಸುತ್ತಿದೆ. ಇಂಥ ಕಾನೂನುಗಳಲ್ಲಿ ತೂತ್ತುಗಳಿಲ್ಲವೆಂದಲ್ಲ. ಆದರೆ ಸಾಗರದ, ಹೊಸನಗರದ ರೈತ ತನ್ನ ಮರಕ್ಕೆ ಕೊಡುವ ಲೆಕ್ಕದ ಅರ್ಧದಷ್ಟನ್ನಾದರೂ ಬಂದರಿನಲ್ಲಿ ಇಳಿಯುವ ದಿಮ್ಮಿಯೂ ಕೊಡಲಿ ಎಂಬ ಬೇಡಿಕೆ ಅತಿಯೆನ್ನಿಸುವುದಿಲ್ಲ. ಅಪ್ಪಿಕೋದ ಮೂರನೆಯ ಮಾತು, ಬಳಸು ಎಂಬುದು, ಬಂದರಿನ ತನಕ ಹೋಗಲೇ ಇಲ್ಲ.

ಇದಕ್ಕೆ ಮಲೆನಾಡಿನಲ್ಲಿ ಸಿಗುವ ಉತ್ತರ ನನಗೆ ಗೊತ್ತು. ಹೊರಗಿನ ಮರ ತಡೆದರೆ ಕೂಪಿನ ಲಾರಿ ಮತ್ತೆ ಘಟ್ಟ ಹತ್ತುತ್ತದೆ. ಈ ಭಯ ಸುಳ್ಳಲ್ಲ. ಆಮದನ್ನು ಪೂರ್ತಿ ನಿಲ್ಲಿಸಿ ಎನ್ನುವವರು ಮೊದಲು ಮೇಗರವಳ್ಳಿಯ ಕಾಡಿಗೆ ಯಾರು ಜಾಮೀನು ಎಂದು ಹೇಳಬೇಕಾಗುತ್ತದೆ. ಪಲ್ಪಿಗೆ, ಸೌದೆಗೆ ಎಂದು ಗುಡ್ಡದ ಮೇಲೆಲ್ಲ ಹಾಕಿದ ಅಕೇಶಿಯಾ ಅದಕ್ಕೆ ಉತ್ತರವಾಗಲಿಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆಯೇ ನಿಂತುಹೋದ ಮೇಲೂ ಅದರ ನೆಡುತೋಪಿನ ಗುತ್ತಿಗೆ ಮುಂದುವರಿಸಲು ಸರ್ಕಾರ 2020ರಲ್ಲಿ ಹೊರಟಾಗ ಶಿವಮೊಗ್ಗ ಜಿಲ್ಲೆಯ ಊರೂರುಗಳಲ್ಲಿ ಅಕೇಶಿಯಾ ಬೇಡವೆಂಬ ಸಭೆಗಳಾದವು. ಕುಸನೂರಿನ ಕುಳಿಗಳು ಮೂವತ್ತಮೂರು ವರ್ಷದ ಮೇಲೆ ಮತ್ತೆ ನೆನಪಾದವು. ರೈತನ ಬೇಲಿಯಂಚಿನಲ್ಲಿ ನಿಧಾನವಾಗಿ ಬೆಳೆಯುವ ಹೊನ್ನೆ, ಹೆಬ್ಬಲಸು, ಸಾಗುವಾನಿಗಳಿಗೆ ಸರಳವಾದ ದಾರಿ ಮಾಡಿಕೊಟ್ಟು, ಅದರ ಜೊತೆಯಲ್ಲೇ ಹೊರಗಿನ ಮರದ ಜಾತಕ ಕೇಳುವುದು ಸಾಧ್ಯ. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ ಯಾವುದಾದರೂ ಒಂದು ಕಾಡು ಬೆಲೆ ತೆರುತ್ತದೆ.

ಈ ನಡುವೆ ಆಮದು ನಿರ್ಬಂಧ ಎಂಬುದು ಬೇರೆ ದಿಕ್ಕಿನಿಂದ ಮಲೆನಾಡಿನ ಅಂಗಳಕ್ಕೇ ಬಂದಿದೆ. ಯುರೋಪು 2023ರಲ್ಲಿ ಹೊಸ ನಿಯಮ ಮಾಡಿದೆ. ಮರವಷ್ಟೇ ಅಲ್ಲ, ಕಾಫಿ, ರಬ್ಬರು, ಕೋಕೋ ಕೂಡ 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದ ನೆಲದಲ್ಲಿ ಬೆಳೆದದ್ದಲ್ಲ ಎಂದು ರುಜುವಾತಾದರೆ ಮಾತ್ರ ಒಳಗೆ. ಜಾರಿಯ ದಿನ ಮುಂದೂಡುತ್ತಲೇ ಇದ್ದರೂ ತಯಾರಿ ನಡೆದಿದೆ. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ತಮ್ಮ ತೋಟ ಭೂಮಿಯ ಮೇಲೆ ಎಲ್ಲಿದೆ ಎಂಬ ಅಕ್ಷಾಂಶ ರೇಖಾಂಶಗಳನ್ನು ಕೊಡಬೇಕಾಗಿದೆ. ಎರಡೆಕರೆಯ ಸಣ್ಣ ಬೆಳೆಗಾರ ಮೊಬೈಲು ಹಿಡಿದು ತೋಟದ ಬಿಂದು ಗುರುತಿಸುತ್ತ ನಿಂತು, ನಮ್ಮ ಕಾಫಿಗೆ ಮಾತ್ರ ಯಾಕೆ ಈ ಪರೀಕ್ಷೆ ಎಂದು ಕೇಳುತ್ತಾನೆ. ಪ್ರಶ್ನೆಯಲ್ಲಿ ನ್ಯಾಯವಿದೆ; ಮಹಾತಿರರ ದನಿಯೂ ಸ್ವಲ್ಪ ಇದೆ. ಅವನ ಬೆನ್ನ ಹಿಂದೆ, ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಕಟ್ಟಲು ಶುರುಮಾಡಿದ ಮನೆಗೆ ಆಚಾರ್ರು ದಾರಂದ ನಿಲ್ಲಿಸುತ್ತಿರುತ್ತಾರೆ. ಮರದಂಗಡಿಯ ಬಿಲ್ಲಿನಲ್ಲಿ ಬರೆದಿರುವುದು ಇಷ್ಟೆ: ಮಲೇಷಿಯಾ ಸಾಲ್, ಇಷ್ಟು ಸಿಎಫ್‌ಟಿ, ಜಿಎಸ್‌ಟಿ ನೂರಕ್ಕೆ ಹದಿನೆಂಟು.